ಎಡಿನ್‌ಬರಾ ಜೂನ ಬುಡೊಂಗೊ ಟ್ರೇಲ್: ಇಲ್ಲಿಗೆ ಸಮಯ ಜಾಸ್ತಿ ಇಟ್ಟುಕೊಳ್ಳಿ
2008ರಲ್ಲಿ ತೆರೆದ ಚಿಂಪಾಂಜಿ ಮನೆ ಇದು. ಜೂ ಇರುವುದೇ ಗುಡ್ಡದ ಮೇಲೆ. ಮಂಡಿ ನೋವಿನ ಅಮ್ಮನೂ ಏದುಸಿರು ಬಿಡುತ್ತಾ ಹತ್ತಿದರು. ‘ಎಲ್ಲಾ ಒಂದೇ ಥರ ಇದಾವಲ್ಲೋ’ ಅಂದರು. ನಮಗೆ ಹಾಗೆ, ಅವಕ್ಕಲ್ಲ. 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇಲ್ಲಿನ ಚಿಂಪಾಂಜಿಗಳೂ ಇದ್ದವು. ಅವು ಜ್ಯೂಸ್ ಹೀರುವಾಗ ಎರಡು ಫೋಟೊ ಪಕ್ಕಪಕ್ಕ ತೋರಿಸಿ, ಕಣ್ಣು ಎಲ್ಲಿ ನಿಲ್ಲುತ್ತದೆ ಅಂತ ಅಳೆದರು. ಗೊತ್ತಿಲ್ಲದ ಮುಖಕ್ಕಿಂತ ಹಳೇ ಗುಂಪಿನವರ ಮುಖವನ್ನೇ ಹೆಚ್ಚು ಹೊತ್ತು ನೋಡಿದವು. ಜಪಾನಿನಲ್ಲಿದ್ದ ಲೂಯಿಸ್ ಎಂಬ ಬೊನೊಬೊ (ಚಿಂಪಾಂಜಿಯ ಹತ್ತಿರದ ನೆಂಟ ವಾನರ) ಅಂತೂ 26 ವರ್ಷದಿಂದ ಕಾಣದ ಒಡಹುಟ್ಟಿದವಳ ಫೋಟೊ ಮೇಲೇ ಕಣ್ಣು ನೆಟ್ಟಿತ್ತು. ನಮ್ಮ ನೆಂಟರಲ್ಲಿ ಕೆಲವರು ಮದುವೆ ಮನೆಯಲ್ಲೇ ಗುರುತು ಹಿಡಿಯಲ್ಲ, ಅಲ್ವಾ? ಇದನ್ನು ತಿಳಿದು ನೋಡಿದರೆ ಮಜವೇ ಬೇರೆ. ಮಕ್ಕಳು ಗಾಜು ಬಡಿಯದಂತೆ ನೋಡಿಕೊಳ್ಳಿ, ದಮ್ಮಯ್ಯ.