ಹಳೇ ಪಂಪಿನ ಪಿಕಪ್, ಹೊಸ ಸೆನ್ಸರಿನ ಪಿಕಪ್: ಮೂರು ಕೊಯ್ಲಿನ ಲೆಕ್ಕ

ಮೊದಲೇ ಹೇಳಿಬಿಡುತ್ತೇನೆ, ನನ್ನ ಮನಸ್ಸು ಹಳೇ ಗಾಡಿಯ ಕಡೆ. ಹಾಗಂತ ಹೊಸದನ್ನು ಬೈಯೋಕೆ ಕೂತಿಲ್ಲ. ಅದಕ್ಕೆ ಸಾಲ ಮಾಡಿದವನು ನಾನೇ, ಕಂತು ಇನ್ನೂ ಕಟ್ಟುತ್ತಿದ್ದೇನೆ.

ನಮ್ಮದು ಮೂಡಿಗೆರೆ ಕಡೆ ಸಣ್ಣ ಕಾಫಿ ತೋಟ. ಅರೇಬಿಕಾ ಸ್ವಲ್ಪ, ರೋಬಸ್ಟಾ ಜಾಸ್ತಿ, ಮರಕ್ಕೆ ಮೆಣಸಿನ ಬಳ್ಳಿ. ಮನೆಯಲ್ಲಿ ಎರಡು ಪಿಕಪ್ ಇವೆ. ಒಂದು 2006ರದ್ದು, ಮೆಕ್ಯಾನಿಕಲ್ ಪಂಪ್, ಇಂಜಿನ್ನಿಗೆ ಹೆಚ್ಚಿನ ಗಾಳಿ ತುಂಬೋ ಟರ್ಬೊ ಇಲ್ಲ. ಇನ್ನೊಂದು 2021ರಲ್ಲಿ ತಂದ ಬಿಎಸ್6 ಗಾಡಿ, ಅಂದರೆ ಹೊಗೆಯ ಹೊಸ ಸರ್ಕಾರಿ ನಿಯಮಕ್ಕೆ ತಕ್ಕದ್ದು. ಕಾಮನ್ ರೈಲ್, ಟರ್ಬೊ, ಕಂಪ್ಯೂಟರ್, ಸೈಲೆನ್ಸರಿನ ದಾರಿಯಲ್ಲಿ ಮಸಿ ಹಿಡಿಯೋ ಡಿಪಿಎಫ್, ಎಲ್ಲಾ ಇದೆ. ಕಂಪನಿ ಹೆಸರು ಬೇಡ. ಯಾವ ಕಂಪನಿಯದ್ದು ತಂದಿದ್ದರೂ ನನ್ನ ಕಥೆ ಹೆಚ್ಚುಕಮ್ಮಿ ಇದೇ ಆಗುತ್ತಿತ್ತು.

ಹಳೇದನ್ನು ಕೊಟ್ಟು ಹೊಸದು ತರೋ ಲೆಕ್ಕ ಇತ್ತು. ಎಕ್ಸ್‌ಚೇಂಜ್ ರೇಟು ಕೇಳಿ ಅಪ್ಪನಿಗೆ ಸಿಟ್ಟು ಬಂತು. "ಆ ದುಡ್ಡಿಗೆ ನಾಲ್ಕು ಟೈರೂ ಬರಲ್ಲ. ಶೆಡ್ಡಲ್ಲೇ ಬಿದ್ದಿರ್ಲಿ ಬಿಡು" ಅಂದರು. ಅವರ ಆ ಸಿಟ್ಟು ಇವತ್ತು ನನ್ನನ್ನು ಕಾಪಾಡುತ್ತಿದೆ.

ಹೊಸದು ಗೆಲ್ಲೋ ಕಡೆಯಿಂದ ಶುರು ಮಾಡೋಣ. ಅದು ಘಾಟಿ.

ಕೆಲಸದವರ ಲೈನ್ ಮನೆ ರಿಪೇರಿಗೆ ಮಂಗಳೂರು ಕಡೆಯಿಂದ ಹೆಂಚು ತರಬೇಕಿತ್ತು. ಒಂದು ಸಲ ಹಳೇ ಗಾಡಿ, ಇನ್ನೊಂದು ಸಲ ಹೊಸದು. ಎರಡು ಸಲವೂ 500 ಹೆಂಚು, ಒಂದು ಟನ್ನಿಗೆ ಮೇಲೇ ತೂಕ. ಉಜಿರೆ ದಾಟಿ ಚಾರ್ಮಾಡಿ ಏರು ಶುರುವಾದ ಮೇಲೆ ಹಳೇದು ಸೆಕೆಂಡ್ ಗೇರಿಂದ ಮೇಲೆ ಹೋಗಲೇ ಇಲ್ಲ. ತಿರುವಿನಲ್ಲಿ ಫಸ್ಟ್. ಆಕ್ಸಿಲೇಟರ್ ಪೂರ್ತಿ ನೆಲಕ್ಕೆ, ಹಿಂದೆ ಕರೀ ಹೊಗೆ, ಟೆಂಪರೇಚರ್ ಮುಳ್ಳಿನ ಮೇಲೆ ನನ್ನ ಕಣ್ಣು. ಹಿಂದಿದ್ದ ಕಾರಿನವರು ಹಾರ್ನ್ ಹೊಡೆದೂ ಹೊಡೆದೂ ಸುಸ್ತಾದರು. ಹೊಸದು ಅದೇ ಏರನ್ನು ಥರ್ಡ್ ಗೇರಲ್ಲಿ ಹತ್ತಿತು, ತಿರುವಿಗೆ ಮಾತ್ರ ಸೆಕೆಂಡ್. ಪಕ್ಕದಲ್ಲಿ ಕೂತವರ ಜೊತೆ ಮಾತಾಡಿಕೊಂಡೇ ಬಂದೆ. ಹಳೇದರಲ್ಲಿ ಮಾತಾಡಬೇಕಾದರೆ ಕಿರುಚಬೇಕು.

ಇದಕ್ಕೆ ಕಾರಣ ಸುಲಭ. ಹಳೇ ಗಾಡಿಯಲ್ಲಿ ಇಂಜಿನ್ನೇ ಗೇರಿನ ಮೂಲಕ ಪಂಪನ್ನು ತಿರುಗಿಸುತ್ತದೆ. ಪಂಪು ಡೀಸೆಲನ್ನು ಒತ್ತುತ್ತದೆ, ಸುಮಾರು 200 ಬಾರ್ ಒತ್ತಡ ಬಂದಾಗ ನಾಝಲ್ ತಾನಾಗೇ ಬಾಯಿ ಬಿಡುತ್ತದೆ. ಒಂದು ಸಲಕ್ಕೆ ಒಂದೇ ಚಿಮ್ಮು. ಹೊಸದರಲ್ಲಿ ಪಂಪಿನ ಕೆಲಸ ಬರೀ ಕಾಮನ್ ರೈಲ್ ಅನ್ನೋ ಕೊಳವೆಯಲ್ಲಿ ಒತ್ತಡ ತುಂಬಿಡೋದು. ಲೋಡಿನಲ್ಲಿ ಅದು 1500 ಬಾರ್ ದಾಟುತ್ತದೆ. (ನಮ್ಮ ಪಿಕಪ್ಪಿನ ಹಿಂದಿನ ಟೈರಿನಲ್ಲಿರೋದು ನಾಲ್ಕೇ ನಾಲ್ಕು ಬಾರ್, ಯೋಚನೆ ಮಾಡಿ.) ಇಂಜೆಕ್ಟರ್ ಯಾವಾಗ ತೆರೀಬೇಕು, ಎಷ್ಟು ಹೊತ್ತು ಅನ್ನೋದನ್ನು ಕಂಪ್ಯೂಟರ್ ಹೇಳುತ್ತದೆ. ಮೊದಲು ಒಂದು ಚಿಟಿಕೆ, ಆಮೇಲೆ ಪೂರ್ತಿ. ಅದಕ್ಕೇ ಆ ಟಕಟಕ ಸದ್ದು ಕಮ್ಮಿ, ಹೊಗೆ ಕಾಣೋದೇ ಇಲ್ಲ. ಜೊತೆಗೆ ಟರ್ಬೊ ಬೇರೆ. ಘಾಟಿಯಲ್ಲಿ ಹಳೇದನ್ನು ಇದರ ಪಕ್ಕ ನಿಲ್ಲಿಸೋದೇ ತಪ್ಪು.

ತೋಟದೊಳಗೆ ಬಂದರೆ ಬೇರೆ ಆಟ. ನಮ್ಮ ಕೆಳಗಿನ ಬ್ಲಾಕಿಂದ ಕಣಕ್ಕೆ ಬರೋ ದಾರಿ ಒಂದೂವರೆ ಕಿಲೋಮೀಟರ್, ಮಧ್ಯದಲ್ಲಿ ಒಂದು ಕಡಿದಾದ ಏರು, ಕೆಮ್ಮಣ್ಣು. ಅಲ್ಲಿ ನಿಂತು ಹೊರಡಬೇಕಾದರೆ ಹಳೇದಕ್ಕೆ ಸುಮ್ನೆ ಕ್ಲಚ್ ಬಿಟ್ಟರೆ ಸಾಕು, ಎತ್ತಿನ ಥರ ತಲೆ ತಗ್ಗಿಸಿ ಎಳೆಯುತ್ತದೆ. ಕಾಲಲ್ಲಿ ಎಷ್ಟು ಕೇಳಿದರೆ ಅಷ್ಟು ಡೀಸೆಲ್ ಆ ಕ್ಷಣಕ್ಕೇ ಕೊಡುತ್ತದೆ, ಹೊಗೆಯಾದರೆ ಆಗಲಿ ಅಂತ. ಹೊಸದು ಹಾಗಲ್ಲ. ಟರ್ಬೊ ಗಾಳಿ ಬರೋವರೆಗೂ ಕಂಪ್ಯೂಟರ್ ಡೀಸೆಲನ್ನು ಹಿಡಿದಿಟ್ಟುಕೊಳ್ಳುತ್ತದೆ, ಇಲ್ಲದಿದ್ದರೆ ಹೊಗೆ ಬರುತ್ತದಲ್ಲ. ಹಾಗಾಗಿ ಮೊದಲು ಏನೂ ಇಲ್ಲ, ಏನೂ ಇಲ್ಲ, ಆಮೇಲೆ ಒಮ್ಮೆಲೇ ಎಲ್ಲಾ ಬರುತ್ತದೆ. ಒದ್ದೆ ಮಣ್ಣಲ್ಲಿ ಹಿಂದಿನ ಚಕ್ರ ಗಿರ್ರನೆ ತಿರುಗಿ ಗುಂಡಿ ತೋಡುತ್ತದೆ. ರೂಢಿಯಾದ ಮೇಲೆ ನಿಭಾಯಿಸಬಹುದು ಅನ್ನಿ. ನನ್ನ ತಲೆ ತಿಂದಿದ್ದು ಇದಲ್ಲ.

ತಲೆ ತಿಂದಿದ್ದು ಡಿಪಿಎಫ್ ದೀಪ.

ಗೊತ್ತಿಲ್ಲದವರಿಗೆ: ಡಿಪಿಎಫ್ ಅಂದರೆ ಹೊಗೆಯಲ್ಲಿರೋ ಮಸಿಯನ್ನು ಹಿಡಿದಿಟ್ಟುಕೊಳ್ಳೋ ಜಾಲರಿ. ತುಂಬಿದ ಮೇಲೆ ಅದನ್ನು ಗಾಡಿಯೇ ಸುಟ್ಟುಕೊಳ್ಳಬೇಕು. ಅದಕ್ಕೆ ಹತ್ತಿರ ಹತ್ತಿರ 600 ಡಿಗ್ರಿ ಬಿಸಿ ಬೇಕು. ಹೆದ್ದಾರಿಯಲ್ಲಿ ಒಂದೇ ಸಮನೆ ಓಡಿದರೆ ಆ ಬಿಸಿ ಬರುತ್ತದೆ, ನಿಮಗೆ ಗೊತ್ತೂ ಆಗಲ್ಲ. ತೋಟದಲ್ಲಿ? ಕೊಯ್ಲಿನ ಟೈಮಲ್ಲಿ ದಿನಕ್ಕೆ ಹತ್ತು ಹದಿನೈದು ಟ್ರಿಪ್, ಎಲ್ಲವೂ ಫಸ್ಟ್, ಸೆಕೆಂಡ್ ಗೇರು. ತೂಕ ಮುಗಿಯೋವರೆಗೂ ಐಡಲಿನಲ್ಲಿ ಗುರುಗುಟ್ಟುತ್ತಾ ನಿಂತಿರುತ್ತದೆ. ಸೈಲೆನ್ಸರ್ ಬಿಸಿಯಾಗೋದೇ ಇಲ್ಲ, ಮಸಿ ಮಾತ್ರ ತುಂಬುತ್ತಾ ಹೋಗುತ್ತದೆ. ಐದಾರು ದಿನಕ್ಕೆ ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ. ಮೊದಲ ವರ್ಷ ನಾನು ಅದನ್ನು ಲೆಕ್ಕಕ್ಕೇ ತಗೊಳ್ಳಲಿಲ್ಲ. ಹಳೇ ಗಾಡಿಯಲ್ಲಿ ಉರಿಯೋ ದೀಪಗಳಿಗೆ ಅರ್ಥವೇ ಇರಲಿಲ್ಲ, ಆ ಅಭ್ಯಾಸ.

2023ರ ಜನವರಿ, ರೋಬಸ್ಟಾ ಕೊಯ್ಲು. ಸಂಜೆ ಐದೂವರೆ. ತೂಕ ಮುಗಿಸಿ 22 ಚೀಲ ಹಸಿ ಹಣ್ಣು ತುಂಬಿಕೊಂಡು ಏರು ಹತ್ತುತ್ತಿದ್ದೆ. ಅರ್ಧದಲ್ಲಿ ಹಳದಿ ದೀಪದ ಪಕ್ಕ ಇನ್ನೊಂದು ದೀಪ ಬಂತು. ಆಕ್ಸಿಲೇಟರ್ ಒತ್ತಿದೆ, ಇಂಜಿನ್ ಏಳಲಿಲ್ಲ. ಇನ್ನೂ ಒತ್ತಿದೆ, ಅಷ್ಟೇ. ಗಾಡಿ ತನ್ನ ಶಕ್ತಿಯನ್ನು ತಾನೇ ಕಟ್ಟಿಹಾಕಿಕೊಂಡಿತ್ತು. ರಿವರ್ಸಲ್ಲಿ ನಿಧಾನಕ್ಕೆ ಕೆಳಗಿಳಿಸಿದೆ. ಅಪ್ಪ ಶೆಡ್ಡಿಂದ ಹಳೇದನ್ನು ತಂದು ಹಿಂದಕ್ಕೆ ಹಿಂದು ತಾಗಿಸಿ ನಿಲ್ಲಿಸಿದರು. ಕೆಲಸದವರು ಆಗಲೇ ಮನೆಗೆ ಹೊರಟಾಗಿತ್ತು. ನಾನು, ಅಪ್ಪ, ತೋಟದ ಲೆಕ್ಕ ಬರೆಯೋ ರೈಟರ್ ಸೇರಿ 22 ಚೀಲ ಆ ಗಾಡಿಯಿಂದ ಈ ಗಾಡಿಗೆ ಎಳೆದೆವು. ಅಪ್ಪ ಒಂದೇ ಒಂದು ಮಾತಾಡಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಹಳೇದು ಹೊಗೆ ಉಗುಳುತ್ತಾ ಏರು ಹತ್ತಿ ಹೋಯಿತು.

ಮಾರನೇ ದಿನ ಚಿಕ್ಕಮಗಳೂರಿಂದ ಟೆಕ್ನಿಷಿಯನ್ ಹುಡುಗ ಬೈಕಲ್ಲಿ ಲ್ಯಾಪ್‌ಟಾಪ್ ಹಿಡಿದು ಬಂದ. ಸ್ಟೇರಿಂಗ್ ಕೆಳಗಿನ ಸಾಕೆಟ್ಟಿಗೆ ವಯರ್ ಚುಚ್ಚಿ ನೋಡಿ, "ಸರ್, ಫೋರ್ಸ್ಡ್ ರೀಜನ್ ಮಾಡ್ಬೇಕು. ಅದಕ್ಕೂ ಮೊದ್ಲು ಗಾಡಿ ಕೆಳಗೆ ಗುಡಿಸ್ಬೇಕು" ಅಂದ. ಫೋರ್ಸ್ಡ್ ರೀಜನ್ ಅಂದರೆ ಗಾಡಿ ನಿಂತಲ್ಲೇ ಲ್ಯಾಪ್‌ಟಾಪಿಂದ ಹೇಳಿ ಮಸಿ ಸುಡಿಸೋದು. ಗುಡಿಸೋದು ಯಾಕೆ ಅಂತ ನಾನು ಕಕ್ಕಾಬಿಕ್ಕಿ. ಕೆಳಗೆ ನೋಡಿದರೆ ಒಣಗಿದ ಸಿಲ್ವರ್ ಓಕ್ ಎಲೆ, ಮೊಣಕೈ ಮುಳುಗುವಷ್ಟು. ಸೈಲೆನ್ಸರ್ ಅಷ್ಟು ಬಿಸಿಯಾದರೆ ಎಲೆಗೆ ಬೆಂಕಿ ಹತ್ತುತ್ತದೆ. ಪೊರಕೆ ತಂದು ಇಬ್ಬರೂ ಗುಡಿಸಿದೆವು, ನೀರು ಚಿಮುಕಿಸಿದೆವು. ಆಮೇಲೆ ನಿಂತ ಗಾಡಿ ಮುಕ್ಕಾಲು ಗಂಟೆ ಒಂದೇ ಸಮನೆ ಬೊಬ್ಬೆ ಹೊಡೆಯಿತು. ಕಾದ ಕಬ್ಬಿಣದ ವಾಸನೆ. ಸೈಲೆನ್ಸರಿನ ಹಿಂದೆ ಗಾಳಿ ನಡುಗೋದು ಕಣ್ಣಿಗೆ ಕಾಣುತ್ತಿತ್ತು. ಮುಗಿದ ಮೇಲೆ ಆಯಿಲ್ ಕಡ್ಡಿ ಎಳೆದು ಮೂಗಿಗೆ ಹಿಡಿದ. "ನೋಡಿ, ಡೀಸೆಲ್ ವಾಸ್ನೆ. ಲೆವೆಲ್ ಜಾಸ್ತಿ ಆಗಿದೆ." ಮಸಿ ಸುಡೋಕೆ ಅಂತ ಹೆಚ್ಚಿಗೆ ಚಿಮ್ಮಿಸೋ ಡೀಸೆಲ್, ಸುಡೋ ಕೆಲಸ ಅರ್ಧಕ್ಕೇ ನಿಂತು ನಿಂತು, ಇಂಜಿನ್ ಆಯಿಲಿಗೆ ಇಳಿದಿತ್ತು. ಆಯಿಲೂ ಬದಲಾಯಿಸಿದ್ದಾಯಿತು. ಈ ಗಾಡಿಗೆ ಸಿಕ್ಕ ಸಿಕ್ಕ ಆಯಿಲ್ ಹಾಕುವ ಹಾಗೂ ಇಲ್ಲ, ಬೂದಿ ಕಮ್ಮಿ ಬಿಡೋದೇ ಬೇಕು.

ಅಲ್ಲಿಂದ ಶುರುವಾಯಿತು ನನ್ನ ಭಾನುವಾರದ ವ್ರತ. ಕೊಯ್ಲು ಮುಗಿಯೋವರೆಗೂ ಪ್ರತಿ ಭಾನುವಾರ ರಾತ್ರಿ ಖಾಲಿ ಗಾಡಿ ತಗೊಂಡು ಚಾರ್ಮಾಡಿ ಘಾಟಿಯ ತಲೆಯಲ್ಲಿರೋ ಕೊಟ್ಟಿಗೆಹಾರಕ್ಕೆ ಹೋಗಿ ಬರೋದು, ಮಸಿ ಸುಡೋಕೆ. ಹೋಗಿ ಬರೋಕೆ ಮೂರು ಲೀಟರ್ ಡೀಸೆಲ್. ಹೆಂಡತಿ ಬಾಗಿಲಲ್ಲಿ ನಿಂತು "ಏನ್ರೀ, ಗಾಡೀನ ವಾಕಿಂಗ್ ಕರ್ಕೊಂಡು ಹೊರಟ್ರಾ?" ಅಂತ ಕೇಳುತ್ತಿದ್ದಳು. ಅಲ್ಲಿ ನೀರುದೋಸೆ ತಿನ್ನೋಣ ಅಂತ ನಿಲ್ಲಿಸಿದರೆ ಸರಿಯಾಗಿ ಅದೇ ಹೊತ್ತಿಗೆ ಸುಡೋ ಕೆಲಸ ನಡೀತಿರುತ್ತದೆ. ಐಡಲ್ ಏರಿರುತ್ತದೆ, ಫ್ಯಾನು ಜೋರಾಗಿ ತಿರುಗುತ್ತಿರುತ್ತದೆ. ಆಗ ಕೀ ತಿರುಗಿಸಿ ಆಫ್ ಮಾಡಿದರೆ ಮತ್ತೆ ಮೊದಲಿಂದ. ಗಾಡಿ ಆನ್ ಇಟ್ಟು, ಕಿಟಕಿಯಿಂದ ಅದನ್ನೇ ನೋಡುತ್ತಾ ದೋಸೆ ತಿಂದಿದ್ದೇನೆ.

"ಡಿಪಿಎಫ್ ಕಿತ್ತು ಹಾಕಿಸಿ, ಕಂಪ್ಯೂಟರಿನ ಮ್ಯಾಪ್ ಬದಲಾಯಿಸ್ತೀವಿ" ಅನ್ನೋರು ಸಿಕ್ಕರು. ಬೇಡ ಅಂದೆ. ವಾರಂಟಿ ಹೋಗುತ್ತದೆ, ಅದು ಕಾನೂನಿಗೂ ಸರಿಯಲ್ಲ. ಅದೂ ಅಲ್ಲದೆ ಜಾಲರಿ ತನ್ನ ಕೆಲಸ ನೆಟ್ಟಗೇ ಮಾಡುತ್ತಿದೆ. ಒಂದೂವರೆ ಕಿಲೋಮೀಟರಿನ ದಾರಿಗೆ ಅದನ್ನು ತಂದವನು ನಾನು.

ರಿಪೇರಿ ವಿಷಯ. ಹಳೇ ಗಾಡಿಯ ಇಂಜಿನ್ ಗೊತ್ತಿಲ್ಲದವರು ನಮ್ಮ ಕಡೆ ಕಮ್ಮಿ, ಯಾಕೆಂದರೆ ಸ್ಪ್ರಿಂಕ್ಲರಿನ ಡೀಸೆಲ್ ಇಂಜಿನ್ನೂ ಅದೇ ಜಾತಿ. ಒಮ್ಮೆ ಡೀಸೆಲ್ ಖಾಲಿಯಾಗಿ ಏರ್ ಹಿಡಿದಿತ್ತು. ಫಿಲ್ಟರಿನ ಮೇಲಿನ ಸ್ಕ್ರೂ ಸಡಿಲ ಮಾಡಿ, ಕೈಪಂಪು ಒತ್ತುತ್ತಾ ಹೋದರೆ ಮೊದಲು ಬರೀ ನೊರೆ, ಆಮೇಲೆ ಗುಳ್ಳೆ, ಕೊನೆಗೆ ಗುಳ್ಳೆ ಇಲ್ಲದ ಡೀಸೆಲ್. ಸ್ಕ್ರೂ ಬಿಗಿ ಮಾಡು, ಸ್ಟಾರ್ಟ್ ಮಾಡು. ಮಳೆಗಾಲದಲ್ಲಿ ಬ್ಯಾಟರಿ ಸತ್ತರೆ ಇಳಿಜಾರಲ್ಲಿ ಬಿಟ್ಟು ಸೆಕೆಂಡ್ ಗೇರಿಗೆ ಕ್ಲಚ್ ಬಿಟ್ಟರಾಯಿತು. ಓಡೋಕೆ ಅದಕ್ಕೆ ಕರೆಂಟೇ ಬೇಡ, ನಿಲ್ಲಿಸೋದೂ ಎಳೆಯೋ ಕೇಬಲಿನಿಂದ.

ಪಂಪು ಕೆಟ್ಟರೆ ಹಾಸನಕ್ಕೆ ಒಯ್ಯಬೇಕು. ಅಲ್ಲಿನವರು ಇವತ್ತಿಗೂ ಮೈಕೋ ಪಂಪ್ ಅಂತಲೇ ಅನ್ನೋದು. ಬೆಂಗಳೂರಿನ ಆಡುಗೋಡಿಯ ಆ ಕಂಪನಿ 2008ರಲ್ಲೇ ಬಾಷ್ ಅಂತ ಹೆಸರು ಬದಲಾಯಿಸಿಕೊಂಡಿದೆ, ಪಂಪ್ ಅಂಗಡಿಗಳಿಗೆ ಅದು ಇನ್ನೂ ಮುಟ್ಟಿಲ್ಲ. ಬೆಂಚಿಗೆ ಪಂಪು ಕೂರಿಸಿ ತಿರುಗಿಸುತ್ತಾರೆ. ನಾಲ್ಕು ಪೈಪಿಂದ ನಾಲ್ಕು ಗಾಜಿನ ಕೊಳವೆಗೆ ಡೀಸೆಲ್ ಬೀಳುತ್ತದೆ. ನನ್ನದರಲ್ಲಿ ಮೂರನೇ ಕೊಳವೆ ಒಂದು ಬೆರಳಿನಷ್ಟು ಕೆಳಗಿತ್ತು. ಅದಕ್ಕೇ ಗಾಡಿ ನಡುಗುತ್ತಿದ್ದಿದ್ದು. ಕೊಳವೆ ಖಾಲಿ ಮಾಡಿ, ಒಂಚೂರು ತಿರುಗಿಸಿ, ಮತ್ತೆ ತುಂಬಿಸಿ, ನಾಲ್ಕೂ ಒಂದೇ ಗೆರೆಗೆ ಬರೋವರೆಗೂ ಆ ಮನುಷ್ಯ ಬಿಡಲಿಲ್ಲ. ಏನು ಕೆಟ್ಟಿದೆ ಅಂತ ಕಣ್ಣಲ್ಲಿ ನೋಡಿ ದುಡ್ಡು ಕೊಟ್ಟು ಬಂದೆ.

ಹೊಸದರಲ್ಲಿ ಲ್ಯಾಪ್‌ಟಾಪ್ ಹೇಳಿದ್ದನ್ನು ನಂಬಬೇಕು. ಇಂಜೆಕ್ಟರ್ ಬದಲಾಯಿಸಿದರೆ ಅದರ ಮೈಮೇಲಿನ ಕೋಡನ್ನೂ ಕಂಪ್ಯೂಟರಿಗೆ ಹೇಳಬೇಕು. ಸ್ಪ್ರಿಂಕ್ಲರ್ ಇಂಜಿನ್ನಿಗೆ ಅಂತ ತಂದಿಟ್ಟ ಬ್ಯಾರಲ್ ಡೀಸೆಲನ್ನು ಒಮ್ಮೆ ಹಾಕಿದ್ದಕ್ಕೆ ಡೀಸೆಲಿನಲ್ಲಿ ನೀರಿದೆ ಅನ್ನೋ ದೀಪ ಹತ್ತಿತು. ಹಳೇದು ವರ್ಷಗಟ್ಟಲೆ ಅದನ್ನೇ ಕುಡಿದಿದೆ. ಇಲಿ ಒಂದು ಸಲ ವಯರಿಂಗ್ ಕಡಿದಿದೆ, ಅದು ಬೇರೆ ಖರ್ಚು.

ಮೈಲೇಜ್: ರೋಡಲ್ಲಿ ಹಳೇದು 10, ಹೊಸದು 13. ತೋಟದೊಳಗೆ ಎರಡೂ ಒಂದೇ.

ಹೊಗೆಯಲ್ಲಿ ಹಳೇದರ ಪರ ಮಾತಾಡಲ್ಲ. ಬೆಳಿಗ್ಗೆ ಕಣದ ಪಕ್ಕ ಸ್ಟಾರ್ಟ್ ಮಾಡಿದರೆ ಅಮ್ಮ ಕೆಮ್ಮುತ್ತಾ ಬೈಯುತ್ತಾರೆ, ಒಣಗೋಕೆ ಹಾಕಿದ ಕಾಫಿ ಮೇಲೆಲ್ಲಾ ಹೊಗೆ ಅಂತ. ಅವರು ಹೇಳೋದು ಸರಿ. ವರ್ಷ ವರ್ಷ ಎಫ್‌ಸಿ (ಗಾಡಿ ಓಡಿಸೋಕೆ ಯೋಗ್ಯ ಅನ್ನೋ ಸರ್ಟಿಫಿಕೇಟ್) ಮಾಡಿಸೋ ತಲೆನೋವೂ ಇದೆ, 15 ವರ್ಷ ದಾಟಿದ ಗಾಡಿಗೆ ಅದರ ಫೀಸು ಈಗ ಜಾಸ್ತಿ. ಬಿಡಿಭಾಗ ಮಾತ್ರ ಇನ್ನೂ ಸಿಗುತ್ತಿವೆ.

ಹಾಗಾದರೆ ಯಾವುದು ತಗೊಳ್ಳೋದು? ನಿಮ್ಮ ಗಾಡಿ ದಿನಾ ಮೂವತ್ತು ನಲವತ್ತು ಕಿಲೋಮೀಟರ್ ಟಾರ್ ರೋಡಲ್ಲಿ ಓಡುತ್ತದಾದರೆ ಎರಡನೇ ಯೋಚನೆ ಬೇಡ, ಹೊಸದೇ ತಗೊಳ್ಳಿ. ಹಳೇದರ ಮೇಲಿನ ಪ್ರೀತಿಗೆ ಘಾಟಿಯಲ್ಲಿ ಒದ್ದಾಡಬೇಡಿ. ನನ್ನ ಥರ ತೋಟ, ಕಣ, ಗೊಬ್ಬರದ ಗುಂಡಿ ಇಷ್ಟರಲ್ಲೇ ತಿರುಗೋದಾದರೆ, ಪಂಪಿನ ಗಾಡಿ ಸುಸ್ಥಿತಿಯಲ್ಲಿ ಸೆಕೆಂಡ್ ಹ್ಯಾಂಡ್ ಸಿಕ್ಕರೆ ನೋಡಿ. ಶೋರೂಮಿನಲ್ಲಿ ಕೇಳಬೇಡಿ, 2020ರ ಏಪ್ರಿಲ್ 1ರಿಂದ ಬಿಎಸ್6 ಬಿಟ್ಟು ಬೇರೆ ಹೊಸ ಗಾಡಿ ಮಾರೋ ಹಾಗಿಲ್ಲ.

ನಾನು ಹಳೇದಕ್ಕೆ ಹಾಫ್ ಇಂಜಿನ್ ಕೆಲಸ ಮಾಡಿಸಿದೆ, ರಿಂಗು, ಬೇರಿಂಗು ಹೊಸದು. ಕೊಯ್ಲು ಪೂರ್ತಿ ಅದರದ್ದೇ ಈಗ. ಹೊಸದನ್ನು ಚಿಕ್ಕಪ್ಪನ ಮಗನಿಗೆ ಓಡಿಸೋಕೆ ಕೊಟ್ಟಿದ್ದೇನೆ. ವಾರಕ್ಕೆ ಮೂರು ಸಲ ಮಂಗಳೂರಿಗೆ ತರಕಾರಿ ಹಾಕಿ ಬರುತ್ತಾನೆ, ಕಂತು ಅದರಲ್ಲೇ ಹುಟ್ಟುತ್ತಿದೆ. ಆರು ತಿಂಗಳಾಯಿತು, ಆ ಹಳದಿ ದೀಪ ಒಂದು ಸಲವೂ ಹತ್ತಿಲ್ಲವಂತೆ. ಕೊಟ್ಟಿಗೆಹಾರದ ದೋಸೆ ತಪ್ಪಿಹೋಗಿದೆ ನನಗೆ.