‘ಕ್ಯಾಟ್ 6’ ಎಂಬ ಅಚ್ಚನ್ನು ನಂಬಿ ಗೋಡೆಯೊಳಗೆ ಕೇಬಲ್ ಎಳೆಸಬೇಡಿ

ಕಚೇರಿಗೋ ಮನೆಗೋ ಹೊಸದಾಗಿ ನೆಟ್‌ವರ್ಕ್ ಕೇಬಲ್ ಎಳೆಸುವ ಯೋಚನೆ ಇದ್ದರೆ, ಕೆಲಸ ಒಪ್ಪಿಸುವ ಮುನ್ನ ದಯವಿಟ್ಟು ಇದನ್ನು ಓದಿ. ಕಂಪ್ಯೂಟರ್‌ಗಳನ್ನೆಲ್ಲ ಒಂದಕ್ಕೊಂದು ಜೋಡಿಸುವ ನೆಟ್‌ವರ್ಕ್ ಸ್ವಿಚ್ ಕೆಟ್ಟರೆ ಅರ್ಧ ಗಂಟೆಯಲ್ಲಿ ಬೇರೆಯದನ್ನು ಕೂರಿಸಬಹುದು. ಕಂಪ್ಯೂಟರ್ ಕೆಟ್ಟರೂ ಅಷ್ಟೇ. ಆದರೆ ಗೋಡೆಯೊಳಗೆ ಹೋದ ಕೇಬಲ್ ಕಳಪೆಯದು ಎಂದು ತಿಳಿಯುವ ಹೊತ್ತಿಗೆ ಗಾರೆ ಒಣಗಿ, ಬಣ್ಣ ಬಳಿದು, ಬೀರುಗಳು ಅದೇ ಗೋಡೆಗೆ ಒರಗಿ ನಿಂತಿರುತ್ತವೆ. ನಮ್ಮ ಕಚೇರಿಯಲ್ಲಿ ಆದದ್ದು ಅದೇ.

ಎರಡು ಮಹಡಿಯ ಕಟ್ಟಡ. ಒಟ್ಟು 24 ಕೇಬಲ್‌ಗಳನ್ನು ಎಳೆಸಬೇಕಿತ್ತು: ಮೇಜುಗಳಿಗೆ 16, ಕ್ಯಾಮೆರಾಗಳಿಗೆ 6, ವೈಫೈ ಆಕ್ಸೆಸ್ ಪಾಯಿಂಟ್‌ಗಳಿಗೆ 2. ಕ್ಯಾಮೆರಾಗಳಿಗೆ ಬೇರೆ ವಿದ್ಯುತ್ ತಂತಿ ಬೇಡ, ನೆಟ್‌ವರ್ಕ್ ಕೇಬಲ್‌ನಲ್ಲೇ ವಿದ್ಯುತ್ತೂ ಹೋಗಲಿ ಎಂದು ಪಿಒಇ ಸ್ವಿಚ್ ಆರಿಸಿಕೊಂಡೆವು. ಇವೆಲ್ಲವನ್ನೂ ನೋಡಿಕೊಳ್ಳುವ ಹೊಣೆ ನನ್ನದಾಗಿತ್ತು. ಗುತ್ತಿಗೆದಾರರು ಕೊಟ್ಟ ಪಟ್ಟಿಯಲ್ಲಿ ‘ಕ್ಯಾಟ್ 6 ಕೇಬಲ್, 305 ಮೀಟರ್ ಪೆಟ್ಟಿಗೆ, ನಾಲ್ಕು’ ಎಂದಿತ್ತು. ‘ಕ್ಯಾಟ್’ ಎಂದರೆ ನೆಟ್‌ವರ್ಕ್ ಕೇಬಲ್‌ನ ವರ್ಗ, ಅಂದರೆ ದರ್ಜೆ. ಓದಿದೆ, ಸಹಿ ಹಾಕಿದೆ. ಆ ಸಾಲಿನಲ್ಲಿ ‘ತಾಮ್ರ’ ಎಂಬ ಪದ ಇರಲಿಲ್ಲ. ಅದು ಏಕಿಲ್ಲ ಎಂದು ನಾನು ಕೇಳಲಿಲ್ಲ.

ಕೆಲಸ ಮುಗಿದ ದಿನ ಅವರ ಕಡೆಯ ಹುಡುಗನೊಬ್ಬ ಪ್ರತಿ ಕೇಬಲ್‌ನ ಎರಡೂ ತುದಿಗೆ ಅಂಗೈಯಗಲದ ಟೆಸ್ಟರ್ ಸಿಕ್ಕಿಸಿ ತೋರಿಸಿದ. ಒಂದರಿಂದ ಎಂಟರವರೆಗೆ ಹಸಿರು ದೀಪಗಳು ಸಾಲಾಗಿ ಹತ್ತಿ ಆರಿದವು. ‘ನೋಡಿ ಸರ್, ಎಂಟೂ ಬರುತ್ತಿವೆ’ ಎಂದ. ಇಪ್ಪತ್ತನಾಲ್ಕು ಬಾರಿಯೂ ಎಂಟೂ ಬಂದವು. ಇಷ್ಟಾದ ಮೇಲೆ ಅನುಮಾನಕ್ಕೆ ಎಡೆ ಎಲ್ಲಿ?

ಮೊದಲು ಹಾಕಿದ್ದು ನಾಲ್ಕು ಕ್ಯಾಮೆರಾಗಳನ್ನು ಮಾತ್ರ. ಆರು ತಿಂಗಳು ಏನೂ ತೊಂದರೆಯಾಗಲಿಲ್ಲ. ಏಳನೆಯ ತಿಂಗಳು ಉಳಿದ ಎರಡನ್ನೂ ತೂಗುಹಾಕಿದೆವು. ಅವುಗಳಲ್ಲಿ ಹಿಂಬಾಗಿಲಿನದು ಸುತ್ತಲೂ ತಿರುಗಿ ನೋಡುವ ದೊಡ್ಡ ಕ್ಯಾಮೆರಾ. ಅಂದು ಸಂಜೆಯೇ ತೊಂದರೆ ಶುರುವಾಯಿತು. ಕತ್ತಲಾಗುತ್ತಿದ್ದಂತೆ ಹಿಂಬಾಗಿಲಿನ ಚಿತ್ರ ಮಾಯವಾಗುತ್ತಿತ್ತು. ಎರಡು ನಿಮಿಷದಲ್ಲಿ ಮರಳಿ ಬಂದು ಮತ್ತೆ ಹೋಗುತ್ತಿತ್ತು. ಬೆಳಗಾದರೆ ಏನೂ ಆಗಿಲ್ಲವೆಂಬಂತೆ ಸರಿಯಾಗಿರುತ್ತಿತ್ತು. ಕ್ಯಾಮೆರಾ ಬದಲಿಸಿ ನೋಡಿದೆವು. ಹೊಸದೂ ಹಾಗೆಯೇ ಮಾಡಿತು.

ಹಗಲಿಗೂ ರಾತ್ರಿಗೂ ಇರುವ ವ್ಯತ್ಯಾಸ ಹೊಳೆಯಲು ನನಗೆ ಒಂದು ವಾರ ಬೇಕಾಯಿತು. ಕತ್ತಲಾದೊಡನೆ ಕ್ಯಾಮೆರಾದ ಇನ್‌ಫ್ರಾರೆಡ್ ದೀಪಗಳು ಹೊತ್ತಿಕೊಳ್ಳುತ್ತವೆ. ಆಗ ಅದು ಎಳೆದುಕೊಳ್ಳುವ ವಿದ್ಯುತ್ ಹೆಚ್ಚುತ್ತದೆ. ಹಾಗೆಂದು ಲೆಕ್ಕ ಹಾಕಿದಾಗ ಮೊದಲ ತಪ್ಪು ಸಿಕ್ಕಿತು. ನಮ್ಮ ಸ್ವಿಚ್‌ನಲ್ಲಿ ಎಂಟು ಪಿಒಇ ಪೋರ್ಟ್‌ಗಳಿದ್ದವು, ಪ್ರತಿ ಪೋರ್ಟ್‌ಗೂ 30 ವಾಟ್ ಎಂದು ದೊಡ್ಡದಾಗಿ ಬರೆದಿತ್ತು. ಎಂಟೂ ಸೇರಿ ಅದು ಕೊಡಬಲ್ಲದ್ದು 65 ವಾಟ್ ಮಾತ್ರ. ಅದು ಕೈಪಿಡಿಯ ಒಳಪುಟದಲ್ಲಿತ್ತು. ರಾತ್ರಿ ಹೊತ್ತು ಐದು ಸಾಧಾರಣ ಕ್ಯಾಮೆರಾಗಳಿಗೆ ಸುಮಾರು 40, ದೊಡ್ಡದಕ್ಕೆ 25, ಆಕ್ಸೆಸ್ ಪಾಯಿಂಟ್‌ಗಳಿಗೆ 24. ಒಟ್ಟು 89 ವಾಟ್. ಸಾಲದೆ ಬಂದಾಗ ಸ್ವಿಚ್ ಒಂದು ಪೋರ್ಟ್‌ನ ವಿದ್ಯುತ್ತನ್ನು ಕಡಿದುಹಾಕುತ್ತದೆ. ಪಿಒಇ ಸ್ವಿಚ್ ಕೊಳ್ಳುವವರು ಪೋರ್ಟ್ ಎಷ್ಟು ಎಂದು ಕೇಳುವ ಮುನ್ನ ಒಟ್ಟು ವಾಟ್ ಎಷ್ಟು ಎಂದು ಕೇಳಿ. ನಿಮ್ಮ ಸಾಧನಗಳೆಲ್ಲ ರಾತ್ರಿ ಎಳೆಯುವ ಗರಿಷ್ಠ ವಿದ್ಯುತ್ತನ್ನು ಕೂಡಿಸಿ, ಅದಕ್ಕಿಂತ ಸಾಕಷ್ಟು ಹೆಚ್ಚು ಕೊಡುವುದನ್ನೇ ತನ್ನಿ.

150 ವಾಟ್‌ನ ಸ್ವಿಚ್ ತಂದೆವು. ಎಲ್ಲವೂ ಮುಗಿಯಿತೆಂದು ಎರಡು ದಿನ ನೆಮ್ಮದಿಯಾಗಿದ್ದೆ. ಹಿಂಬಾಗಿಲಿನ ಕ್ಯಾಮೆರಾ ಮೂರನೆಯ ರಾತ್ರಿ ಮತ್ತೆ ಆರಿತು.

ಅದೇ ಸಮಯಕ್ಕೆ ಲೆಕ್ಕಪತ್ರ ವಿಭಾಗದವರು ದೊಡ್ಡ ಕಡತಗಳನ್ನು ನಕಲು ಮಾಡುವುದು ನಿಧಾನವಾಗಿದೆ ಎಂದು ದೂರಿದರು. ಹೋಗಿ ನೋಡಿದರೆ ಪರದೆಯ ಮೇಲೆ ಸೆಕೆಂಡಿಗೆ 11 ಮೆಗಾಬೈಟ್ ಎಂದಿತ್ತು. ಈ ಅಂಕಿಯನ್ನು ನೆನಪಿಟ್ಟುಕೊಳ್ಳಿ. ಗಿಗಾಬಿಟ್ ಸಂಪರ್ಕ ಸರಿಯಾಗಿದ್ದರೆ 110ರ ಆಸುಪಾಸು ಬರಬೇಕು. 11 ಬಂದರೆ ಸಂಪರ್ಕ 100 ಮೆಗಾಬಿಟ್‌ಗೆ ಇಳಿದಿದೆ ಎಂದರ್ಥ. ಕೇಬಲ್‌ನೊಳಗೆ ನಾಲ್ಕು ಜೋಡಿ ತಂತಿಗಳಿರುತ್ತವೆ. ಗಿಗಾಬಿಟ್‌ಗೆ ನಾಲ್ಕೂ ಜೋಡಿ ಬೇಕು, 100 ಮೆಗಾಬಿಟ್‌ಗೆ ಎರಡು ಸಾಕು. ಒಂದು ಜೋಡಿ ದುರ್ಬಲವಾದರೆ ಅನೇಕ ಸಾಧನಗಳು ಯಾರಿಗೂ ಹೇಳದೆ ಕೆಳಗಿನ ವೇಗಕ್ಕೆ ಇಳಿದುಬಿಡುತ್ತವೆ. ಇಂಟರ್ನೆಟ್ ಬರುತ್ತಲೇ ಇರುತ್ತದೆ, ಆದ್ದರಿಂದ ಯಾರ ಗಮನಕ್ಕೂ ಬರುವುದಿಲ್ಲ. ಸ್ವಿಚ್‌ನೊಳಗೆ ಹೋಗಿ ಪಟ್ಟಿ ನೋಡಿದೆ. ಹದಿನಾರು ಮೇಜುಗಳಲ್ಲಿ ಐದು 100ರಲ್ಲಿ ನಡೆಯುತ್ತಿದ್ದವು. ಇನ್ನೂ ಮೂರು ಪೋರ್ಟ್‌ಗಳಲ್ಲಿ ದೋಷದ ಎಣಿಕೆ ನೋಡನೋಡುತ್ತಿದ್ದಂತೆ ಏರುತ್ತಿತ್ತು.

ಒಂದು ಮೇಜಿನ ಹಿಂದಿನ ಗೋಡೆಯ ಬಾಕ್ಸ್ ಬಿಚ್ಚಿದೆ. ಜ್ಯಾಕನ್ನು ಹೊರಗೆಳೆದು ಕಂದು ತಂತಿಯನ್ನು ಉಗುರಿನಿಂದ ಸ್ವಲ್ಪ ಬದಿಗೆ ಸರಿಸಿದೆ, ಅಷ್ಟೇ. ಅದು ಒಣಕಡ್ಡಿಯಂತೆ ಮುರಿದು ಕೈಗೆ ಬಂತು. ತಾಮ್ರದ ತಂತಿ ಹಾಗೆ ಮುರಿಯುವುದಿಲ್ಲ. ಅದು ಬಾಗುತ್ತದೆ, ಹಲವು ಬಾರಿ ಹಿಂದೆ ಮುಂದೆ ಮಡಚಿದರೂ ಸಹಿಸುತ್ತದೆ. ಮುರಿದ ತುಂಡಿನ ತುದಿಯನ್ನು ಬ್ಲೇಡಿನಿಂದ ಕೆರೆದೆ. ಕೆಂಪು ಬಣ್ಣ ತೆಳುವಾದ ಪುಡಿಯಾಗಿ ಉದುರಿ, ಒಳಗಿಂದ ಬೆಳ್ಳಗೆ ಹೊಳೆಯುವ ಲೋಹ ಕಂಡಿತು. ಅಲ್ಯೂಮಿನಿಯಂ. ಉಗ್ರಾಣದಲ್ಲಿ ಉಳಿದಿದ್ದ ಖಾಲಿ ಪೆಟ್ಟಿಗೆಯನ್ನು ಹುಡುಕಿ ತಂದೆ. ಮುಂಭಾಗದಲ್ಲಿ ‘ಕ್ಯಾಟ್ 6’ ಎಂದು ಬೆರಳುದ್ದದ ಅಕ್ಷರಗಳಿದ್ದವು. ಪಕ್ಕದ ಮಗ್ಗುಲಲ್ಲಿ, ಬಾರ್‌ಕೋಡಿನ ಕೆಳಗೆ, ‘ಸಿಸಿಎ’ ಎಂಬ ಮೂರು ಚಿಕ್ಕ ಅಕ್ಷರಗಳಿದ್ದವು.

ಸಿಸಿಎ ಎಂದರೆ ತಾಮ್ರದ ಲೇಪ ಕೊಟ್ಟ ಅಲ್ಯೂಮಿನಿಯಂ. ನೋಡುವುದಕ್ಕೆ ತಾಮ್ರವೇ. ಇದರಿಂದ ಮಾಡಿದ ಕೇಬಲ್ಲನ್ನು ಕ್ಯಾಟ್ 6 ಎಂದು ಕರೆಯುವಂತೆಯೇ ಇಲ್ಲ. ಈ ವರ್ಗಗಳನ್ನು ನಿಗದಿಪಡಿಸುವ ಟಿಐಎ 568 ಮಾನದಂಡ ಒಳಗಿನ ತಂತಿ ತಾಮ್ರದ್ದೇ ಆಗಿರಬೇಕೆಂದು ಹೇಳುತ್ತದೆ. ಅಲ್ಯೂಮಿನಿಯಂ ಅಗ್ಗ, ಹಗುರ. ಆದರೆ ಅದೇ ದಪ್ಪದ ತಾಮ್ರಕ್ಕೆ ಹೋಲಿಸಿದರೆ ಅದರ ವಿದ್ಯುತ್ ರೋಧ ಒಂದೂವರೆ ಪಟ್ಟಿಗೂ ಹೆಚ್ಚು. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಜ್ಯಾಕಿನ ಲೋಹದ ಹಲ್ಲು ತಂತಿಯನ್ನು ಕಚ್ಚುವಾಗ ಮೇಲಿನ ಲೇಪವನ್ನು ಸೀಳುತ್ತದೆ. ಗಾಳಿಗೆ ತೆರೆದ ಅಲ್ಯೂಮಿನಿಯಂ ಮೇಲೆ ಕೂಡಲೇ ಆಕ್ಸೈಡ್ ಪದರ ಕಟ್ಟುತ್ತದೆ, ಆ ಪದರದಲ್ಲಿ ವಿದ್ಯುತ್ ಹರಿಯುವುದಿಲ್ಲ. ಹಾಕಿದ ದಿನ ಸರಿಯಿದ್ದ ಜೋಡಣೆ ತಿಂಗಳುಗಳು ಕಳೆದಂತೆ ಹದಗೆಡುವುದು ಹೀಗೆ.

ಹಿಂಬಾಗಿಲಿನ ಕ್ಯಾಮೆರಾದ ರಹಸ್ಯವೂ ಆಗ ಬಿಚ್ಚಿಕೊಂಡಿತು. ಆ ಕೇಬಲ್‌ನ ಉದ್ದ 78 ಮೀಟರ್. ಒಂದು ತುದಿಯಲ್ಲಿ ಒಂದು ಜೋಡಿಯ ಎರಡೂ ತಂತಿಗಳನ್ನು ಒಟ್ಟಿಗೆ ಹೊಸೆದು, ಇನ್ನೊಂದು ತುದಿಯಲ್ಲಿ ಮಲ್ಟಿಮೀಟರ್ ಹಿಡಿದೆ. ರೋಧ 34 ಓಮ್ ಎಂದು ತೋರಿಸಿತು. ಅಷ್ಟು ಉದ್ದದ 24 ಗೇಜ್ (ಗೇಜ್ ಎಂದರೆ ತಂತಿಯ ದಪ್ಪದ ಅಳತೆ) ತಾಮ್ರದಲ್ಲಿ 13ರ ಆಸುಪಾಸು ಬರಬೇಕಿತ್ತು. ಪೂರ್ತಿ 100 ಮೀಟರಿಗೇ ಮಿತಿ 25 ಓಮ್. ಅಂದರೆ ನಮ್ಮ ತಂತಿ ಬರೀ ಅಲ್ಯೂಮಿನಿಯಂ ಅಲ್ಲ, ಇರಬೇಕಾದ ದಪ್ಪವೂ ಅದಕ್ಕಿರಲಿಲ್ಲ. 2009ರ 802.3ಎಟಿ ಪಿಒಇ ಮಾನದಂಡದಲ್ಲಿ ಸ್ವಿಚ್ 30 ವಾಟ್ ಕಳುಹಿಸಿದರೆ ಆ ತುದಿಗೆ 25.5 ವಾಟ್ ಮುಟ್ಟಬೇಕು. ನಡುವಿನ ನಾಲ್ಕೂವರೆ ವಾಟ್ ಕೇಬಲ್‌ನಲ್ಲಿ ಸೋರಿಹೋಗಬಹುದೆಂದು ಬಿಟ್ಟ ಲೆಕ್ಕ. ನಮ್ಮ ಕೇಬಲ್ ಪೂರ್ಣ ಹೊರೆಯಲ್ಲಿ ಆರು ವಾಟನ್ನು ತಾನೇ ನುಂಗಿ ಬಿಸಿಯಾಗುತ್ತಿತ್ತು. ದೀಪ ಹೊತ್ತಿಸಿಕೊಂಡು, ಮೋಟಾರು ತಿರುಗಿಸುವ ಹೊತ್ತಿಗೆ ಕ್ಯಾಮೆರಾಕ್ಕೆ ವಿದ್ಯುತ್ ಸಾಲುತ್ತಿರಲಿಲ್ಲ. ಆ ಬಿಸಿಯ ವಿಷಯ ನನ್ನನ್ನು ಇಂದಿಗೂ ಕಾಡುತ್ತದೆ. ಇಂಥ ಹತ್ತಿಪ್ಪತ್ತು ಕೇಬಲ್‌ಗಳನ್ನು ಕಟ್ಟುಕಟ್ಟಿ ಕೊಳವೆಯೊಳಗೆ ತುರುಕಿ, ಎಲ್ಲದರಲ್ಲೂ ವಿದ್ಯುತ್ ಹರಿಸುವವರಿದ್ದಾರೆ.

ಗುತ್ತಿಗೆದಾರರನ್ನು ಕರೆಸಿ ಬಿಳಿ ತಂತಿಯನ್ನು ತೋರಿಸಿದೆ. ‘ಎಲ್ಲ ಕಡೆಯೂ ಇದನ್ನೇ ಹಾಕುತ್ತೇವೆ ಸರ್, ಯಾರೂ ದೂರಿಲ್ಲ’ ಎಂದರು. ನಾನು ಸಹಿ ಹಾಕಿದ ಪಟ್ಟಿಯನ್ನು ತೆಗೆದು, ತಾಮ್ರ ಎಂದು ಅದರಲ್ಲಿ ಎಲ್ಲೂ ಬರೆದಿಲ್ಲ ಎಂದೂ ತೋರಿಸಿದರು. ಬರೆದಿರಲಿಲ್ಲ, ನಿಜ.

ಆದ್ದರಿಂದ ನೀವು ಬರೆಸಿ. ‘ಕ್ಯಾಟ್ 6’ ಎಂಬುದರ ಜೊತೆಗೆ ‘ಪೂರ್ತಿ ತಾಮ್ರದ ತಂತಿ, 23 ಗೇಜ್’ ಎಂದು ಪಟ್ಟಿಯಲ್ಲೇ ಇರಲಿ. ಪೆಟ್ಟಿಗೆ ಬಂದ ದಿನ, ಒಂದು ಮೀಟರನ್ನೂ ಎಳೆಯುವ ಮುನ್ನ, ಒಂದು ಗೇಣು ಕತ್ತರಿಸಿ ತುದಿಯನ್ನು ಕೆರೆದು ನೋಡಿ. ತಾಮ್ರವಾದರೆ ಎಷ್ಟು ಕೆರೆದರೂ ಕೆಂಪೇ. ಬೆಳ್ಳಗೆ ಕಂಡರೆ ಪೆಟ್ಟಿಗೆಯನ್ನು ಹಾಗೆಯೇ ಹಿಂದಕ್ಕೆ ಕಳುಹಿಸಿ. ಕೈಯಲ್ಲಿ ಎತ್ತಿಯೂ ನೋಡಿ. ತಾಮ್ರ ಅಲ್ಯೂಮಿನಿಯಂಗಿಂತ ಮೂರು ಪಟ್ಟಿಗೂ ಹೆಚ್ಚು ಭಾರ, ಪೆಟ್ಟಿಗೆಗಳನ್ನು ಪಕ್ಕಪಕ್ಕ ಎತ್ತಿದರೆ ತೋಳಿಗೇ ಗೊತ್ತಾಗುತ್ತದೆ. ನಾಲ್ಕು ಪೆಟ್ಟಿಗೆ ತಂದರೆ ನಾಲ್ಕನ್ನೂ ಕೆರೆಯಿರಿ. ಇದಕ್ಕೆ ಐದು ನಿಮಿಷ ಸಾಕು. ನಾನು ಆ ಐದು ನಿಮಿಷ ಕೊಡಲಿಲ್ಲ.

ಎಂಟು ದೀಪದ ಟೆಸ್ಟರ್ ವಿಷಯಕ್ಕೆ ಬರುತ್ತೇನೆ. ಅದು ಹೇಳುವುದು ಒಂದೇ ಸಂಗತಿ: ಈ ತುದಿಯ ಒಂದನೆಯ ತಂತಿ ಆ ತುದಿಯ ಒಂದನೆಯ ಪಿನ್ನಿಗೆ ಮುಟ್ಟಿದೆ. ತಂತಿ ತಾಮ್ರವೋ ಅಲ್ಲವೋ, ರೋಧ ಎಷ್ಟು, ಒಂದು ಜೋಡಿಯ ಸಂಕೇತ ಇನ್ನೊಂದು ಜೋಡಿಗೆ ಎಷ್ಟು ನುಸುಳುತ್ತಿದೆ, ಯಾವುದೂ ಅದಕ್ಕೆ ತಿಳಿಯದು. ಜೋಡಿಗಳು ಅದಲುಬದಲಾಗಿದ್ದರೂ ದೀಪ ಹತ್ತುತ್ತದೆ. ಮೂರು ಮತ್ತು ಆರನೆಯ ಪಿನ್ನಿಗೆ ಒಟ್ಟಿಗೆ ಹೆಣೆದ ಒಂದೇ ಜೋಡಿ ಹೋಗಬೇಕು. ಅರಿಯದವರು ಬಣ್ಣಗಳನ್ನು ಒಂದರ ಪಕ್ಕ ಒಂದು ಸಾಲಾಗಿ ಜೋಡಿಸಿ ಕ್ರಿಂಪ್ ಮಾಡುತ್ತಾರೆ, ಎರಡೂ ತುದಿಯಲ್ಲಿ ಅದೇ ತಪ್ಪು ಇರುವುದರಿಂದ ಟೆಸ್ಟರ್ ಹಸಿರು ತೋರಿಸುತ್ತದೆ. ನಮ್ಮಲ್ಲಿ ಅಂಥ ಎರಡು ಕೇಬಲ್‌ಗಳೂ ಸಿಕ್ಕಿದವು. ಜ್ಯಾಕಿನ ಬಳಿ ಹೆಣಿಗೆಯನ್ನು 13 ಮಿಲಿಮೀಟರಿಗಿಂತ ಹೆಚ್ಚು ಬಿಚ್ಚಬಾರದು. ನಮ್ಮಲ್ಲಿ ಹೆಬ್ಬೆರಳುದ್ದ ಬಿಚ್ಚಿದ್ದರು.

ಕೇಬಲ್ ಪರೀಕ್ಷೆಗೆ ಸರ್ಟಿಫಯರ್ ಎಂಬ ಬೇರೆಯದೇ ಉಪಕರಣವಿದೆ. ಅದು ಪ್ರತಿ ಕೇಬಲ್‌ನ ಉದ್ದ, ರೋಧ, ಜೋಡಿಗಳ ನಡುವಿನ ನುಸುಳಿಕೆ ಎಲ್ಲವನ್ನೂ ಅಳೆದು ಉತ್ತೀರ್ಣವೋ ಅನುತ್ತೀರ್ಣವೋ ಎಂದು ವರದಿ ಕೊಡುತ್ತದೆ. ದುಬಾರಿ ಉಪಕರಣ, ಎಲ್ಲರ ಬಳಿಯೂ ಇರುವುದಿಲ್ಲ, ಬಾಡಿಗೆಗೆ ತರಬೇಕಾಗಬಹುದು. ಆದರೂ ಕೇಬಲ್‌ಗೊಂದು ವರದಿ ಕೊಟ್ಟ ಮೇಲೆಯೇ ಕೊನೆಯ ಕಂತು ಎಂದು ಮೊದಲೇ ಬರೆಸಿಕೊಳ್ಳಿ. ಈ ಮಾತು ಕೇಳಿದೊಡನೆ ಹಿಂದೆ ಸರಿಯುವವರಿದ್ದರೆ ಸರಿಯಲಿ.

ಇನ್ನು ಕೆಲವು ಸಣ್ಣ ವಿಷಯಗಳು. ಗೋಡೆಯೊಳಗೆ ಒಂಟಿ ಗಟ್ಟಿ ತಂತಿಯ ಕೇಬಲ್ ಹಾಕಿ ಜ್ಯಾಕಿನಲ್ಲಿ ನಿಲ್ಲಿಸಿ, ಅಲ್ಲಿಂದ ಕಂಪ್ಯೂಟರಿಗೆ ಎಳೆಎಳೆ ತಂತಿಯ ಮೆದು ಪ್ಯಾಚ್ ಕಾರ್ಡ್ ಬಳಸಿ. ಗೋಡೆಯದು 90 ಮೀಟರ್, ಎರಡೂ ಕಡೆಯ ಪ್ಯಾಚ್ ಕಾರ್ಡ್ ಸೇರಿ 10, ಒಟ್ಟು 100 ಮೀಟರ್ ದಾಟಬಾರದು. ಬಿಸಿಲು ಬೀಳುವ ಕಡೆ ಒಳಾಂಗಣದ ಪಿವಿಸಿ ಹೊದಿಕೆಯ ಕೇಬಲ್ ಬೇಡ, ಅದು ಬಿರಿಯುತ್ತದೆ. ಹೊರಾಂಗಣಕ್ಕೆಂದೇ ಮಾಡಿದ ಕಪ್ಪು ಪಾಲಿಥಿಲೀನ್ ಹೊದಿಕೆಯದು ಸಿಗುತ್ತದೆ. ದೊಡ್ಡ ಸಂಖ್ಯೆಗೂ ಮರುಳಾಗಬೇಡಿ. ಗಿಗಾಬಿಟ್ ವೇಗಕ್ಕೆ ಪ್ರಾಮಾಣಿಕವಾದ ಕ್ಯಾಟ್ 5ಇ ತಾಮ್ರವೇ 100 ಮೀಟರ್‌ವರೆಗೆ ಸಾಕು. ಮುಂದೆ 10 ಗಿಗಾಬಿಟ್ ಬೇಕಾದೀತು ಎಂದಿದ್ದರೆ ಕ್ಯಾಟ್ 6 ಹೆಚ್ಚೆಂದರೆ 55 ಮೀಟರ್‌ವರೆಗೆ, ಪೂರ್ತಿ 100 ಮೀಟರಿಗೆ ಕ್ಯಾಟ್ 6ಎ. ಚಪ್ಪಟೆಯ ತೆಳು ಕೇಬಲ್ ಮೇಲೆ ‘ಕ್ಯಾಟ್ 7’, ‘ಕ್ಯಾಟ್ 8’ ಎಂದು ಅಚ್ಚಾಗಿದ್ದರೆ ನಾನು ಮುಟ್ಟುವುದಿಲ್ಲ. ಪಿಒಇ ಸಾಧನ ಕೊಳ್ಳುವಾಗ 802.3ಎಎಫ್, ಎಟಿ ಅಥವಾ ಬಿಟಿ ಮಾನದಂಡದ್ದು ಎಂದು ಸ್ಪಷ್ಟವಾಗಿ ಬರೆದಿರಬೇಕು. ಇವು ಆ ತುದಿಯಲ್ಲಿರುವ ಸಾಧನವನ್ನು ಮೊದಲು ಪರೀಕ್ಷಿಸಿ ನೋಡಿ, ಆಮೇಲೆಯೇ ವಿದ್ಯುತ್ ಬಿಡುತ್ತವೆ. ‘ಪ್ಯಾಸಿವ್’ ಎಂದು ಬರೆದಿರುವವು ಏನನ್ನೂ ಕೇಳದೆ ನೇರ ವಿದ್ಯುತ್ ನೂಕುತ್ತವೆ, ತಪ್ಪು ಸಾಧನ ಸಿಕ್ಕಿಸಿದರೆ ಸುಟ್ಟುಹೋಗಬಹುದು.

ಈಗಾಗಲೇ ಸಿಸಿಎ ಗೋಡೆಯೊಳಗೆ ಹೋಗಿದ್ದರೆ ಒಮ್ಮೆಗೇ ಎಲ್ಲವನ್ನೂ ಕೀಳಬೇಕಾಗಿಲ್ಲ. ವಿದ್ಯುತ್ ಹರಿಯುವ ಕೇಬಲ್‌ಗಳನ್ನು ಮೊದಲು ಬದಲಿಸಿ, ಅವುಗಳಲ್ಲೂ ಉದ್ದನೆಯವನ್ನು ಮೊದಲು. ಕೊಳವೆ ಇದ್ದರೆ ಹಳೆಯ ಕೇಬಲ್‌ನ ತುದಿಗೆ ಗಟ್ಟಿ ದಾರ ಕಟ್ಟಿ ಎಳೆದು, ಆ ದಾರದಿಂದ ಹೊಸದನ್ನು ಎಳೆದುಕೊಳ್ಳಬಹುದು. ಹಳೆಯ ಕೇಬಲ್ಲಿಗೇ ಹೊಸದನ್ನು ಕಟ್ಟಿ ಎಳೆಯಲು ಹೋಗಬೇಡಿ. ನಾವು ಹಾಗೆ ಮಾಡಿದಾಗ ಅಲ್ಯೂಮಿನಿಯಂ ನಡುದಾರಿಯಲ್ಲಿ ತುಂಡಾಗಿ ಎರಡೂ ಒಳಗೆ ಸಿಕ್ಕಿಕೊಂಡವು. ನಾವು ಗೋಡೆ ಒಡೆದದ್ದು ಆ ಒಂದು ಕಡೆ.

ಇಲ್ಲಿಯವರೆಗೆ ಹತ್ತೊಂಬತ್ತು ಕೇಬಲ್‌ಗಳು ಬದಲಾಗಿವೆ, ಹತ್ತೊಂಬತ್ತಕ್ಕೂ ವರದಿ ಇದೆ. ಉಳಿದ ಐದು ಮೇಲಿನ ಮಹಡಿಯ ಮೇಜುಗಳವು. ಅವುಗಳಲ್ಲಿ ವಿದ್ಯುತ್ ಹರಿಯದಂತೆ ಸ್ವಿಚ್‌ನಲ್ಲೇ ನಿಲ್ಲಿಸಿ, ವೇಗವನ್ನು 100ಕ್ಕೆ ಕಟ್ಟಿಹಾಕಿ, ಜ್ಯಾಕಿನ ಮೇಲೆ ಕೆಂಪು ಚೀಟಿ ಅಂಟಿಸಿದ್ದೇನೆ.