ಅಣಕು ಹವಾಮಾನ ಮಾತುಕತೆ: ಮಾಡೆಲ್ ಯುಎನ್ನೋ, ವರ್ಲ್ಡ್ ಕ್ಲೈಮೇಟೋ?

ಮಾಡೆಲ್ ಯುಎನ್‌ನಲ್ಲಿ (ವಿದ್ಯಾರ್ಥಿಗಳು ನಡೆಸುವ ಅಣಕು ವಿಶ್ವಸಂಸ್ಥೆ ಸಭೆ) ಒಬ್ಬೊಬ್ಬರಿಗೆ ಒಂದೊಂದು ದೇಶ, ವಾರಗಟ್ಟಲೆ ತಯಾರಿ, ಠರಾವಿನ ಕರಡು, ಕೊನೆಗೆ ಮತ. ಮೈಕ್ ಮುಂದೆ ನಿಲ್ಲುವ ಅಂಜಿಕೆ ಹೋಗುತ್ತದೆ, ನಿಜ. ಆದರೆ ಅಸಲಿ ಹವಾಮಾನ ಶೃಂಗಸಭೆ ನಡೆಯೋದು ಒಮ್ಮತದ ಮೇಲೆ, ಮತದ ಮೇಲಲ್ಲ. ಅದೂ ಅಲ್ಲದೆ ಮಾತುಗಾರ ಮಕ್ಕಳೇ ಜಾಸ್ತಿ ಮಿಂಚುತ್ತಾರೆ, ಅಲ್ವಾ?

ಕ್ಲೈಮೇಟ್ ಇಂಟರಾಕ್ಟಿವ್ ಸಂಸ್ಥೆಯ ‘ವರ್ಲ್ಡ್ ಕ್ಲೈಮೇಟ್’ ಎರಡು-ಮೂರು ಗಂಟೆಯ ಆಟ. ಆರು ಗುಂಪು: ಅಮೆರಿಕ, ಯುರೋಪ್ ಒಕ್ಕೂಟ, ಚೀನಾ, ಭಾರತ, ಉಳಿದ ಸಿರಿವಂತ ದೇಶಗಳು, ಉಳಿದ ಬಡ ದೇಶಗಳು. ಸಿರಿವಂತರಿಗೆ ಮೇಜು, ತಿಂಡಿ. ಬಡವರಿಗೆ ಬರೀ ನೆಲ. ಇಂಗಾಲದ ಹೊರಸೂಸುವಿಕೆ ಇಷ್ಟು ತಗ್ಗಿಸುತ್ತೇವೆ ಎಂದು ಪ್ರತಿ ಗುಂಪು ಕೊಟ್ಟ ಮಾತನ್ನು ಸಿ-ರೋಡ್ಸ್ ಎಂಬ ಉಚಿತ ತಂತ್ರಾಂಶಕ್ಕೆ ಹಾಕಿದರೆ 2100ರ ಹೊತ್ತಿಗೆ ಭೂಮಿಯ ತಾಪಮಾನ ಎಷ್ಟು ಏರುತ್ತದೆ ಎಂಬುದು ಪರದೆ ಮೇಲೆ ಬರುತ್ತದೆ. ಮೊದಲ ಸುತ್ತಿನಲ್ಲಿ ಆ ಏರಿಕೆ ಸಾಮಾನ್ಯವಾಗಿ 2 ಡಿಗ್ರಿ ದಾಟಿರುತ್ತದೆ. ಗಲಾಟೆ ಮಾಡುತ್ತಿದ್ದ ಹುಡುಗರೂ ಸುಮ್ನಾಗುತ್ತಾರೆ. ಹೊಸಬರ ತಂಡಕ್ಕೆ ನಾನಾದರೆ ಇದನ್ನೇ ಆರಿಸುತ್ತೇನೆ. ಒಂದು ಪ್ರೊಜೆಕ್ಟರ್ ಇದ್ದರೆ ಸಾಕು.